ಪಡ್ರೆಯ ಗಾಳಿ, ಪವಾಯಿಯ ಗಾಳಿ

ಮುಂಬಯಿಯ ಜೋಗೇಶ್ವರಿ–ವಿಕ್ರೋಲಿ ಲಿಂಕ್ ರೋಡು ಪವಾಯಿ ಕೆರೆಯ ಪಕ್ಕದಲ್ಲಿ, ಐಐಟಿಯ ಮುಂದೆ ಹಾದುಹೋಗುತ್ತದೆ. ಅದೇ ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿ, ರೈಲುಹಳಿ ದಾಟಿ, ಜೋಗೇಶ್ವರಿಯ ಎಸ್. ವಿ. ರೋಡು ಸೇರಿದರೆ ಎಕ್ಸೆಲ್ ಸಮೂಹದ ಹಳೆಯ ನೆಲೆ ಸಿಗುತ್ತದೆ. ಭಾರತದಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ತಯಾರಿಸುತ್ತಿದ್ದ ಮುಖ್ಯ ಕಂಪೆನಿಗಳಲ್ಲಿ ಒಂದು ಈ ಸಮೂಹದ್ದು; ಅದರ ಕಾರ್ಖಾನೆ ಇದ್ದದ್ದು ಗುಜರಾತಿನ ಭಾವನಗರದಲ್ಲಿ. ರಸ್ತೆಯನ್ನು ಪೂರ್ವಕ್ಕೆ ಹಿಡಿದು ವಿಕ್ರೋಲಿ, ಕಾಂಜೂರ್‌ಮಾರ್ಗ್ ದಾಟಿದರೆ ಕಾಂಡ್ಲಾ ಕಾಡು, ಅದರಾಚೆ ಥಾಣೆ ಖಾಡಿ. ಆ ಖಾಡಿಯ ನೀರು, ಕೆಸರು ಮತ್ತು ಜೀವಿಗಳಲ್ಲಿ ಪಾದರಸವಿದೆಯೆಂದು ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಜಿಂಗಡೆ ಮತ್ತು ದೇಸಾಯಿ 1981ರಲ್ಲೇ ಬರೆದಿದ್ದರು. ರಸ್ತೆಯ ಒಂದು ದಿಕ್ಕಿಗೆ ಜಗತ್ತು ನಿಷೇಧಿಸಿದ ಕೀಟನಾಶಕದ ಚರಿತ್ರೆ, ಇನ್ನೊಂದು ದಿಕ್ಕಿಗೆ ಜಗತ್ತು ಹತೋಟಿಗೆ ತರಲು ಹೆಣಗುತ್ತಿರುವ ಲೋಹದ ಚರಿತ್ರೆ. ನಡುವೆ ಪವಾಯಿ.

ಪವಾಯಿಯಲ್ಲಿ ಗಾಳಿಯನ್ನು ಅಳೆಯುವ ಕೇಂದ್ರವೊಂದಿದೆ. ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಈ ಕೇಂದ್ರದ ಅಂಕಿಗಳನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ನೋಡಬಹುದು. ಚಳಿಗಾಲದ ಬೆಳಿಗ್ಗೆ ವಾಕಿಂಗ್ ಹೊರಡುವ ಮುನ್ನ ಅದನ್ನು ನೋಡುವ ಹಿರಿಯರು ಈ ಬಡಾವಣೆಗಳಲ್ಲಿ ಕಡಿಮೆಯಿಲ್ಲ. ಅಲ್ಲಿ ಕಾಣುವುದು ಸೂಕ್ಷ್ಮ ದೂಳು, ನೈಟ್ರೋಜನ್ ಡೈಆಕ್ಸೈಡ್, ಓಝೋನ್ ಮುಂತಾದವು. 2009ರ ನವೆಂಬರಿನಲ್ಲಿ ದೇಶ ಒಪ್ಪಿಕೊಂಡ ಗಾಳಿಯ ಗುಣಮಟ್ಟದ ಮಾನಕಗಳಲ್ಲಿ ಒಟ್ಟು 12 ವಸ್ತುಗಳಿವೆ. ಸೀಸ, ಆರ್ಸೆನಿಕ್, ನಿಕಲ್ ಆ ಪಟ್ಟಿಯಲ್ಲಿವೆ. ಪಾದರಸ ಇಲ್ಲ. ಡಿಡಿಟಿ ಇಲ್ಲ, ಪಿಸಿಬಿ ಇಲ್ಲ, ಡಯಾಕ್ಸಿನ್ ಇಲ್ಲ, ಎಂಡೋಸಲ್ಫಾನ್ ಇಲ್ಲ. ಇವು ಗಾಳಿಯಲ್ಲಿ ಇಲ್ಲವೆಂದಲ್ಲ. ದಿನದಿನವೂ ಅಳೆಯಬೇಕಾದವುಗಳೆಂದು ಯಾರೂ ಪರಿಗಣಿಸಿಲ್ಲ.

ಪರಿಗಣಿಸದಿರುವುದಕ್ಕೆ ಒಂದು ಕಾರಣ ಅವುಗಳ ಪ್ರಮಾಣ. ಉತ್ತರ ಗೋಳಾರ್ಧದಲ್ಲಿ ಊರು, ಕಾರ್ಖಾನೆಗಳಿಂದ ದೂರವಿರುವ ಜಾಗಗಳಲ್ಲಿ ಒಂದು ಘನ ಮೀಟರ್ ಗಾಳಿಗೆ ಸುಮಾರು 1.5 ನ್ಯಾನೋಗ್ರಾಂ ಪಾದರಸ ಸಿಗುತ್ತದೆ; ದಕ್ಷಿಣ ಗೋಳಾರ್ಧದಲ್ಲಿ 1 ನ್ಯಾನೋಗ್ರಾಂ ಆಸುಪಾಸು. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು. ಹಳೆಯ ಜ್ವರಮಾಪಕವೊಂದರಲ್ಲಿ ಸುಮಾರು ಒಂದು ಗ್ರಾಂ ಪಾದರಸವಿರುತ್ತಿತ್ತು. ಲೆಕ್ಕ ಹಾಕಿದರೆ, ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲ, 670 ಮೀಟರ್ ಎತ್ತರದ ಗಾಳಿಯಲ್ಲಿ ಇರುವ ಪಾದರಸವೆಲ್ಲ ಸೇರಿ ಆ ಒಂದು ಗ್ರಾಂ ಆಗುತ್ತದೆ. ಕೀಟನಾಶಕಗಳದ್ದು ಇನ್ನೂ ಸಣ್ಣ ಪ್ರಮಾಣ, ಪಿಕೋಗ್ರಾಮುಗಳ ಲೆಕ್ಕ. ಇಷ್ಟು ಅಲ್ಪದ್ದನ್ನು ಉಸಿರಾಡಿ ಯಾರಿಗೂ ಅಂದೇ ಕೆಮ್ಮು ಬರುವುದಿಲ್ಲ, ಕಣ್ಣು ಉರಿಯುವುದಿಲ್ಲ. ಅಪಾಯ ಬರುವುದು ಬೇರೆ ದಾರಿಯಿಂದ. ಗಾಳಿಯ ಪಾದರಸ ಮಳೆಯೊಂದಿಗೆ ಇಳಿದು ಕೆಸರು ಸೇರಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಏರುತ್ತ ನೀರಿನಲ್ಲಿದ್ದುದಕ್ಕಿಂತ ಲಕ್ಷಾಂತರ ಪಟ್ಟು ಸಾಂದ್ರವಾಗುತ್ತದೆ. ಕೊನೆಗೆ ತಟ್ಟೆಗೆ ಬಂದು, ಗರ್ಭದಲ್ಲಿರುವ ಶಿಶುವಿನ ಮಿದುಳನ್ನು ತಲುಪುತ್ತದೆ. ಬೇಗ ಅಳಿಯದ ಸಾವಯವ ಮಾಲಿನ್ಯಕಾರಕಗಳು, ಪ್ರಯೋಗಾಲಯದವರು ‘ಪಾಪ್ಸ್’ ಎಂದು ಕರೆಯುವ ಗುಂಪು, ಕೊಬ್ಬಿನಲ್ಲಿ ಕರಗಿ ತಾಯಿಯ ಹಾಲಿನ ತನಕ ಹೋಗುತ್ತವೆ.

ಈ ಸಂಗತಿ ಜಗತ್ತಿನ ಮನಸ್ಸಿಗೆ ನಾಟಿದ್ದು ಒಂದು ವಿಚಿತ್ರ ಸಂದರ್ಭದಲ್ಲಿ. 1980ರ ದಶಕದ ಕೊನೆಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಎರಿಕ್ ಡ್ವೈಯಿ ಎಂಬ ವೈದ್ಯ-ಸಂಶೋಧಕ ತಾಯಂದಿರ ಹಾಲಿನಲ್ಲಿ, ಟ್ರಾನ್ಸ್‌ಫಾರ್ಮರುಗಳಲ್ಲಿ ಬಳಸುತ್ತಿದ್ದ ಪಿಸಿಬಿ ಎಷ್ಟಿದೆಯೆಂದು ನೋಡುತ್ತಿದ್ದರು. ದಕ್ಷಿಣದ ಕೈಗಾರಿಕಾ ಊರುಗಳ ತಾಯಂದಿರೊಂದಿಗೆ ಹೋಲಿಸಲು ಮಾಲಿನ್ಯವೇ ಇಲ್ಲದ ಜಾಗದ ಮಾದರಿ ಬೇಕಿತ್ತು. ಕಾರ್ಖಾನೆ, ಟ್ರಾನ್ಸ್‌ಫಾರ್ಮರು ಯಾವುದೂ ಇಲ್ಲದ ಉತ್ತರದ ಹಿಮಪ್ರದೇಶದ ಇನ್ಯೂಟ್ ತಾಯಂದಿರ ಹಾಲು ತರಿಸಿದರು. ಅದರಲ್ಲಿ ಪಿಸಿಬಿ ದಕ್ಷಿಣದವರ ಹಾಲಿಗಿಂತ ಸುಮಾರು ಐದು ಪಟ್ಟು ಹೆಚ್ಚಿತ್ತು. ಸೀಲ್, ತಿಮಿಂಗಿಲಗಳ ಕೊಬ್ಬು ಅವರ ಆಹಾರ. ಆ ಪ್ರಾಣಿಗಳಿಗೆ ವಿಷವನ್ನು ಮುಟ್ಟಿಸಿದ್ದು ದೂರದ ದೇಶಗಳಿಂದ ಬಂದ ಗಾಳಿ ಮತ್ತು ಸಾಗರದ ಪ್ರವಾಹಗಳು.

ಹೇಗೆ ಬಂತು? ಈ ರಾಸಾಯನಿಕಗಳು ಪೂರ್ತಿ ಆವಿಯೂ ಅಲ್ಲ, ಪೂರ್ತಿ ಘನವೂ ಅಲ್ಲ. ಬಿಸಿಲಿನ ನಾಡಿನಲ್ಲಿ ಮಣ್ಣಿನಿಂದ, ಎಲೆಯಿಂದ ಎದ್ದು ಗಾಳಿ ಸೇರುತ್ತವೆ; ತಂಪಾದಲ್ಲಿ ನೆಲಕ್ಕೆ ಇಳಿಯುತ್ತವೆ; ಮತ್ತೆ ಬಿಸಿಲು ಬಂದಾಗ ಮತ್ತೆ ಏಳುತ್ತವೆ. ಹೀಗೆ ಮಿಡತೆಯ ಹಾಗೆ ಜಿಗಿಜಿಗಿದು ಸಾಗಿ, ಮರಳಿ ಏಳಲಾಗದಷ್ಟು ಚಳಿಯಿರುವ ಧ್ರುವದಲ್ಲಿ ನಿಲ್ಲುತ್ತವೆ. ಪಾದರಸದ ಪಯಣ ಇನ್ನೂ ಸಲೀಸು. ಆವಿಯಾಗಿ ಅದು ತಿಂಗಳುಗಟ್ಟಲೆ ಗಾಳಿಯಲ್ಲಿ ಇರಬಲ್ಲದು. ಅಷ್ಟರಲ್ಲಿ ಭೂಮಿಯನ್ನು ಸುತ್ತಿರುತ್ತದೆ. ಉತ್ತರ ಧ್ರುವದಿಂದ ಸುಮಾರು 800 ಕಿಲೋಮೀಟರ್ ದೂರದ ಕೆನಡಾದ ಅಲರ್ಟ್ ಕೇಂದ್ರದಲ್ಲಿ 1995ರ ವಸಂತದಲ್ಲಿ ವಿಲಿಯಂ ಶ್ರೋಡರ್ ಮತ್ತು ಸಂಗಡಿಗರು ಒಂದು ಬೆರಗನ್ನು ಕಂಡರು. ಧ್ರುವದ ದೀರ್ಘ ರಾತ್ರಿ ಮುಗಿದು ಸೂರ್ಯ ಬಂದ ದಿನಗಳಲ್ಲಿ ಗಾಳಿಯ ಪಾದರಸ ಇದ್ದಕ್ಕಿದ್ದಂತೆ ಕುಸಿಯುತ್ತಿತ್ತು. ಸಮುದ್ರದ ಉಪ್ಪಿನಿಂದ ಹುಟ್ಟಿದ ಬ್ರೋಮಿನ್ ಬಿಸಿಲಿನಲ್ಲಿ ಪಾದರಸದೊಡನೆ ವರ್ತಿಸಿ ಅದನ್ನು ಹಿಮದ ಮೇಲೆ ಇಳಿಸುತ್ತಿತ್ತು. ಪ್ರಾಣಿಗಳು ಮರಿ ಹಾಕುವ ಕಾಲವೂ ಅದೇ. ಗಂಟೆಗಂಟೆಗೂ ಬಿಡದೆ ಅಳೆಯುವ ಉಪಕರಣ ಅಲ್ಲಿ ಇದ್ದುದರಿಂದ ಇದು ಗೊತ್ತಾಯಿತು. ವರ್ಷಕ್ಕೊಮ್ಮೆ ಹೋಗಿ ಬಾಟಲಿ ತುಂಬಿಕೊಂಡು ಬರುವವರಿಗೆ ಗೊತ್ತಾಗುವ ಸಂಗತಿ ಇದಲ್ಲ.

ಬಿಡದೆ ಅಳೆಯುವುದು: ಈ ಬರಹದ ಕಾಳಜಿ ಇರುವುದು ಅದರಲ್ಲೇ. ಅಳೆಯದೆ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಕನ್ನಡಿಗರು ಅಲರ್ಟ್‌ಗೆ ಹೋಗಬೇಕಾಗಿಲ್ಲ. ಮುಂಬಯಿಯ ಎಷ್ಟೋ ಕನ್ನಡ, ತುಳು ಮನೆಗಳ ಬೇರು ಇರುವ ಕಾಸರಗೋಡಿಗೆ ಹೋದರೆ ಸಾಕು.

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ಗುಡ್ಡಗಳ ನಡುವಿನ ಊರು. ಮೇಲೆ ಗುಡ್ಡದಲ್ಲಿ ಗೇರು ತೋಟ, ಕೆಳಗೆ ಇಳಿಜಾರಿನಲ್ಲಿ ಮನೆ, ಅದರ ಕೆಳಗೆ ಅಡಿಕೆ ತೋಟ, ತೀರ ಕೆಳಗೆ ತೋಡು. ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಕೊರೆದ ಸುರಂಗಗಳಿಂದ ಸಣ್ಣಗೆ ಹರಿದುಬರುವ ನೀರೇ ಹಲವು ಮನೆಗಳಿಗೆ ಕುಡಿಯುವ ನೀರು. ಗುಡ್ಡದ ತಲೆಯ ಮೇಲೆ ಏನು ಬಿದ್ದರೂ ಅದು ಮಳೆಗಾಲದಲ್ಲಿ ಇಳಿಯುವುದು ಈ ಸುರಂಗಗಳಿಗೆ, ತೋಡುಗಳಿಗೆ. ಗೇರು ತೋಟಗಳು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನವು. ಜಿಲ್ಲೆಯಲ್ಲಿ ಒಟ್ಟು ಸುಮಾರು 4,600 ಹೆಕ್ಟೇರ್. ಗೇರು ಹೂ ಬಿಡುವ ಹೊತ್ತಿಗೆ ರಸ ಹೀರುವ ಟೀ ಸೊಳ್ಳೆಯ ಕಾಟ. ಅದನ್ನು ತಡೆಯಲು 1970ರ ದಶಕದ ಕೊನೆಯಿಂದ 2000ದ ತನಕ ಕಾರ್ಪೊರೇಶನ್ ವರ್ಷ ವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಇಂಥ ಸಿಂಪಡಣೆಗೆ ಹೆಲಿಕಾಪ್ಟರ್ ಮರದ ತುದಿಗೆ ತೀರ ಹತ್ತಿರ ಹಾರಬೇಕು. ಏರುತಗ್ಗಿನ ಗುಡ್ಡದಲ್ಲಿ ಅದು ಆಗುವ ಮಾತಲ್ಲ. ಎತ್ತರದಿಂದ ಬಿಟ್ಟ ಮದ್ದು ಗಾಳಿ ಬೀಸಿದತ್ತ ಹೋಯಿತು.

ಮೊದಲು ಸತ್ತದ್ದು ಜೇನು. ಮೀನು, ಕಪ್ಪೆಗಳೂ ಕಡಿಮೆಯಾದವು. ಕಾಲು ಸೊಟ್ಟಗಾದ ಕರುಗಳು ಹುಟ್ಟಿದ್ದನ್ನು ಸುಮಾರು 1980ರ ಹೊತ್ತಿಗೇ ಗಮನಿಸಿ ಬರೆದವರು ಅದೇ ಊರಿನ ಶ್ರೀ ಪಡ್ರೆ. ಮಳೆನೀರಿನ ಬರಹಗಳಿಂದ, ‘ಅಡಿಕೆ ಪತ್ರಿಕೆ’ಯಿಂದ ಕನ್ನಡಿಗರಿಗೆ ಅವರು ಪರಿಚಿತರು. ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುವವರ ಕಾಯಿಲೆಗಳಲ್ಲಿ ಒಂದು ವಿಚಿತ್ರವನ್ನು ಕಂಡರು. ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದಲೇ ಬರುವ ಅಂಗವೈಕಲ್ಯ, ಕ್ಯಾನ್ಸರ್: ಇವು ಇಷ್ಟು ಚಿಕ್ಕ ಊರಿಗೆ ಹೆಚ್ಚೆನಿಸುವಷ್ಟಿದ್ದವು, ಅದೂ ತೋಡಿನ ಆಸುಪಾಸಿನ ಮನೆಗಳಲ್ಲೇ. ಕಾರಣ ಅವರಿಗೂ ಹೊಳೆಯಲಿಲ್ಲ. ನೀರಿನಲ್ಲಿ ಏನೋ ಇರಬೇಕೆಂದು ಯೋಚಿಸಿದರು. ವೈದ್ಯಬಂಧುಗಳಿಗೆ ಬರೆದು ಕೇಳಿದರು. ಹಳ್ಳಿಯ ವೈದ್ಯರೊಬ್ಬರು ಮನೆ ಮನೆಯ ಕಾಯಿಲೆಯನ್ನು ನೆನಪಿನಲ್ಲಿಟ್ಟು, ಬರೆದಿಟ್ಟು, ಒಂದರ ಪಕ್ಕ ಒಂದನ್ನು ಇಟ್ಟು ನೋಡದೇ ಹೋಗಿದ್ದರೆ ಪಡ್ರೆಯ ಹೆಸರು ಹೊರಜಗತ್ತಿಗೆ ಗೊತ್ತಾಗುತ್ತಿರಲಿಲ್ಲ. ಈ ಇಡೀ ಕಥೆಯ ಮೊದಲ ಮಾಪನಯಂತ್ರ ಆ ವೈದ್ಯರ ಗಮನ.

ಜಿಲ್ಲೆಯ ದಕ್ಷಿಣ ಭಾಗದ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. 2000ದಲ್ಲಿ ಸಿಂಪಡಣೆಗೆ ತಡೆ ಸಿಕ್ಕಿತು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಹಾಲು, ಜನರ ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ಇದೆಯೆಂದು ಪ್ರಕಟಿಸಿತು. ಬಳಿಕ ಸಮಿತಿಯ ಮೇಲೆ ಸಮಿತಿ, ವರದಿಯ ಮೇಲೆ ವರದಿ. ಕಾಯಿಲೆಗೂ ಎಂಡೋಸಲ್ಫಾನಿಗೂ ಸಂಬಂಧ ಇದೆ ಎಂದು ಕೆಲವರು ಹೇಳಿದರು, ಇಲ್ಲ ಎಂದು ಕೆಲವರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಹಬೀಬುಲ್ಲಾ ಸಯ್ಯದ್ ಮತ್ತು ಸಂಗಡಿಗರು ಗೇರು ಗುಡ್ಡದ ಬುಡದ ಊರಿನ 117 ಶಾಲಾ ಬಾಲಕರನ್ನು ಸಿಂಪಡಣೆಯಿಲ್ಲದ ಊರಿನ 90 ಬಾಲಕರ ಜೊತೆ ಹೋಲಿಸಿದರು. ಗುಡ್ಡದ ಬುಡದವರಲ್ಲಿ ಲೈಂಗಿಕ ಬೆಳವಣಿಗೆ ತಡವಾಗಿರುವುದಕ್ಕೂ ರಕ್ತದಲ್ಲಿನ ಎಂಡೋಸಲ್ಫಾನಿಗೂ ಸಂಬಂಧ ಕಂಡಿತು. 2003ರಲ್ಲಿ ಅದು ಪ್ರಕಟವಾದಾಗ ಆಕ್ಷೇಪಗಳೂ ಬಂದವು, ಉತ್ತರಗಳೂ ಬಂದವು.

ಗಟ್ಟಿಯಾದ ಸಂಗತಿ ಇಷ್ಟು. ಹೆಲಿಕಾಪ್ಟರ್ ಹಾರುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಪಡ್ರೆಯ ಗಾಳಿಯಲ್ಲಿ ಎಷ್ಟು ಎಂಡೋಸಲ್ಫಾನ್ ಇದೆ, ಸಿಂಪಡಣೆಯ ದಿನ ಎಷ್ಟು, ವಾರದ ಬಳಿಕ ಎಷ್ಟು, ಮಳೆ ಬಂದ ಮೇಲೆ ಸುರಂಗದ ನೀರಿನಲ್ಲಿ ಎಷ್ಟು ಎಂದು ಬಿಡದೆ ಬರೆದಿಡುವ ಒಂದು ಕೇಂದ್ರವೂ ಅಲ್ಲಿ ಇರಲಿಲ್ಲ. ಎಲೆಯ ಮೇಲೆ ಬಿದ್ದ ಎಂಡೋಸಲ್ಫಾನಿನ ದೊಡ್ಡ ಪಾಲು ಕೆಲವೇ ದಿನಗಳಲ್ಲಿ ಆವಿಯಾಗಿ ಹೋಗುತ್ತದೆ. ಸಿಂಪಡಣೆ ನಿಂತ ಮೇಲೆ ಬಂದು ಮಾದರಿ ತೆಗೆದವರಿಗೆ ಸಿಕ್ಕಿದ್ದು ಉಳಿಕೆ ಮಾತ್ರ. ಆಗ ಗಾಳಿಯಲ್ಲಿ ಇದ್ದದ್ದರ ದಾಖಲೆಯೇ ಇಲ್ಲದುದರಿಂದ, ಕಾಯಿಲೆ ಬಿದ್ದವರೇ ಸಾಕ್ಷಿ ಒದಗಿಸಬೇಕಾಯಿತು. ಮಲಗಿದಲ್ಲೇ ಇರುವ ಮಗುವನ್ನು ಎತ್ತಿಕೊಂಡು ತಾಯಂದಿರು ಶಿಬಿರದಿಂದ ಶಿಬಿರಕ್ಕೆ ಅಲೆದರು. ಇದು ಅನ್ಯಾಯ, ಮತ್ತು ಇದರಲ್ಲಿ ವಿಜ್ಞಾನದ ಪಾಲೂ ಇದೆ.

ಗಡಿಯ ಈಚೆಗೂ ಇದೇ ಕಥೆ. ಕರ್ನಾಟಕದ ಗೇರು ಅಭಿವೃದ್ಧಿ ನಿಗಮ ದಕ್ಷಿಣ ಕನ್ನಡದ ತೋಟಗಳಿಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತ್ತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಹೆಸರು ಪತ್ರಿಕೆಗಳಲ್ಲಿ ಬರತೊಡಗಿದ್ದು ಬಹಳ ತಡವಾಗಿ. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಎಂಡೋಸಲ್ಫಾನಿಗೆ ತಾತ್ಕಾಲಿಕ ನಿಷೇಧ ಹೇರಿತು. ಕೊಕ್ಕಡದಲ್ಲಿ, ಪುತ್ತೂರು ಕಡೆಯ ಕೊಯಿಲದಲ್ಲಿ ಬಾಧಿತ ಮಕ್ಕಳಿಗಾಗಿ ಹಗಲು ಪಾಲನಾ ಕೇಂದ್ರಗಳು ತೆರೆದವು. ಅಲ್ಲಿಗೆ ಬರುವ ಎಷ್ಟೋ ‘ಮಕ್ಕಳು’ ವಯಸ್ಸಿನಲ್ಲಿ ದೊಡ್ಡವರಾಗಿದ್ದಾರೆ. ನೋಡಿಕೊಳ್ಳುವ ತಂದೆತಾಯಿಗೆ ಮುಪ್ಪು ಬಂದಿದೆ.

ಇನ್ನು, ಎಂಡೋಸಲ್ಫಾನಿನ ಜಾಗತಿಕ ನಿಷೇಧ ತೀರ್ಮಾನವಾದ ಜಿನೀವಾದ ಕಥೆ. ಬೇಗ ಅಳಿಯದ ಸಾವಯವ ಮಾಲಿನ್ಯಕಾರಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದ 2001ರ ಮೇ ತಿಂಗಳಲ್ಲಿ ಅಂಗೀಕಾರವಾಗಿ 2004ರ ಮೇ 17ರಂದು ಜಾರಿಗೆ ಬಂತು. ಭಾರತ 2006ರಲ್ಲಿ ಸೇರಿತು. ಒಂದು ರಾಸಾಯನಿಕವನ್ನು ಅದರ ಪಟ್ಟಿಗೆ ಸೇರಿಸಬೇಕಾದರೆ ನಾಲ್ಕು ಸಂಗತಿ ತೋರಿಸಬೇಕು: ಅದು ಬೇಗ ಅಳಿಯುವುದಿಲ್ಲ, ಜೀವಿಗಳ ದೇಹದಲ್ಲಿ ಸಂಗ್ರಹವಾಗುತ್ತದೆ, ಹಾನಿಕರ, ಮತ್ತು ಹುಟ್ಟಿದ ಜಾಗದಿಂದ ಬಹಳ ದೂರ ಸಾಗುತ್ತದೆ. 2007ರಲ್ಲಿ ಯೂರೋಪಿಯನ್ ಒಕ್ಕೂಟ ಎಂಡೋಸಲ್ಫಾನಿನ ಹೆಸರು ಸೂಚಿಸಿತು. ದೊಡ್ಡ ಉತ್ಪಾದಕ ದೇಶವಾಗಿದ್ದ ಭಾರತ ವಿರೋಧಿಸಿತು. ಆದರೆ ದೂರ ಸಾಗುತ್ತದೆ ಎಂಬುದಕ್ಕೆ ಉತ್ತರ ಧ್ರುವದ ಗಾಳಿಯ ದಾಖಲೆ ಸಿದ್ಧವಾಗಿತ್ತು. ಅಲರ್ಟ್ ಕೇಂದ್ರದಲ್ಲಿ ಹಲವು ಹಳೆಯ ಕೀಟನಾಶಕಗಳು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದಾಗ ಎಂಡೋಸಲ್ಫಾನ್ ಇಳಿಯದೆ ನಿಂತಿತ್ತು. ಗೇರು ಮರವೂ ಇಲ್ಲದ, ಹತ್ತಿ ಹೊಲವೂ ಇಲ್ಲದ ಜಾಗದ ಗಾಳಿಯಲ್ಲಿ ಅದು ಇರುವುದಕ್ಕೆ ಬೇರೆ ವಿವರಣೆಯೇ ಇರಲಿಲ್ಲ. 2011ರ ಏಪ್ರಿಲ್ 25ರಂದು ಜಿನೀವಾದಲ್ಲಿ ಸಭೆ ಶುರುವಾದ ದಿನ ಕೇರಳದ ಮುಖ್ಯಮಂತ್ರಿ ವಿ. ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಉಪವಾಸ ಕುಳಿತರು. ಆ ವಾರದ ಕೊನೆಗೆ, ಕೆಲವು ಬೆಳೆಗಳಿಗೆ ಕಾಲಮಿತಿಯ ವಿನಾಯಿತಿಯೊಂದಿಗೆ, ಎಂಡೋಸಲ್ಫಾನ್ ಪಟ್ಟಿ ಸೇರಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆಯನ್ನು ತಡೆಯಿತು. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಅದೇ ಕೋರ್ಟ್ ಕೇರಳಕ್ಕೆ ಹೇಳಿದ್ದು 2017ರ ಜನವರಿ 10ರಂದು.

ಪಡ್ರೆಯ ಮಕ್ಕಳ ದೇಹ ಹೇಳಿದ್ದನ್ನು ಮೂವತ್ತು ವರ್ಷ ವಾದ ಮಾಡಿದರು. ಧ್ರುವದ ಗಾಳಿಯ ಅಂಕಿಗಳ ಮುಂದೆ ಆ ವಾದ ಹೆಚ್ಚು ದಿನ ನಿಲ್ಲಲಿಲ್ಲ. ಪಡ್ರೆಗೂ ಅಂಥ ಅಂಕಿಗಳು ಬೇಕಿದ್ದವು.

ಅಂಕಿ ಪಡೆಯುವುದು ದುಬಾರಿ ಕೆಲಸವೇ? ಮೊದಲು ಹಾಗೇ ಇತ್ತು. ಪಂಪು, ಕರೆಂಟು, ನೋಡಿಕೊಳ್ಳುವ ತಂತ್ರಜ್ಞ ಎಲ್ಲವೂ ಬೇಕಿತ್ತು. 2004ರ ಡಿಸೆಂಬರಿನಲ್ಲಿ ಕೆನಡಾದ ಟಾಮ್ ಹಾರ್ನರ್ ಮತ್ತು ಸಂಗಡಿಗರು ಶುರುಮಾಡಿದ ‘ಗ್ಯಾಪ್ಸ್’ ಎಂಬ ಜಾಗತಿಕ ಜಾಲ ಈ ಕಷ್ಟವನ್ನು ಬಹುಪಾಲು ನೀಗಿಸಿತು. ಅವರು ಬಳಸಿದ್ದು ಒಂದರ ಮೇಲೊಂದು ಕವುಚಿದ ಎರಡು ಸ್ಟೀಲ್ ಬೋಗುಣಿಗಳು, ನಡುವೆ ಹಾಸಿಗೆಗೆ ಬಳಸುವಂಥ ಪಾಲಿಯುರಿಥೇನ್ ಫೋಮಿನ ಬಿಲ್ಲೆ; ಅಗಲ ಸುಮಾರು 14 ಸೆಂಟಿಮೀಟರ್, ದಪ್ಪ ಒಂದೂವರೆ ಸೆಂಟಿಮೀಟರಿಗೂ ಕಡಿಮೆ. ಕಂಬಕ್ಕೋ ಟೆರೇಸಿಗೋ ತೂಗುಹಾಕಿ ಮೂರು ತಿಂಗಳು ಬಿಟ್ಟರಾಯಿತು. ಬೋಗುಣಿ ಮಳೆ, ಬಿಸಿಲನ್ನು ತಡೆಯುತ್ತದೆ. ಸಂದಿಯಿಂದ ನುಗ್ಗುವ ಗಾಳಿಯಲ್ಲಿರುವುದನ್ನು ಫೋಮು ಹೀರಿಕೊಳ್ಳುತ್ತದೆ. ಕರೆಂಟು ಬೇಡ. ಆಮೇಲೆ ಬಿಲ್ಲೆಯನ್ನು ಫಾಯಿಲಿನಲ್ಲಿ ಸುತ್ತಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅಲ್ಲಿ ದ್ರಾವಕದಿಂದ ಬೇರ್ಪಡಿಸಿ, ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಮತ್ತು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಯಾವುದೆಷ್ಟು ಎಂದು ಓದುತ್ತಾರೆ. ಮೊದಲ ಸುತ್ತಿನಲ್ಲೇ, ಏಳು ಖಂಡಗಳ ಗಾಳಿಯಲ್ಲಿ ಅತಿ ಹೆಚ್ಚು ಕಂಡ ಕೀಟನಾಶಕಗಳಲ್ಲಿ ಎಂಡೋಸಲ್ಫಾನ್ ಒಂದಾಗಿತ್ತು.

ಭಾರತದಲ್ಲೂ ಈ ಬೋಗುಣಿಗಳು ತೂಗಿದವು. ಕರಾವಳಿಯ ಉದ್ದಕ್ಕೂ ಒಂದು ತಂಡ ಅಳೆಯಿತು. ಪರೋಮಿತಾ ಚಕ್ರವರ್ತಿ ಮತ್ತು ಸಂಗಡಿಗರು 2010ರಲ್ಲಿ ಏಳು ನಗರಗಳ ಫಲಿತಾಂಶ ಪ್ರಕಟಿಸಿದರು. ಮುಂಬಯಿಯೂ ಬೆಂಗಳೂರೂ ಅದರಲ್ಲಿದ್ದವು. ಇಂಥ ಅಧ್ಯಯನದಲ್ಲಿ ಮೊತ್ತದಷ್ಟೇ ಮುಖ್ಯ ಅನುಪಾತ. ಹೊಸದಾಗಿ ಸಿಂಪಡಿಸಿದ ಜಾಗದ ಗಾಳಿಯಲ್ಲಿ ಡಿಡಿಟಿಯೇ ಹೆಚ್ಚು. ವರ್ಷಗಳ ಹಿಂದಿನದಾದರೆ ಅದು ಒಡೆದು ಆದ ಡಿಡಿಇ ಹೆಚ್ಚು. ತಯಾರಾದ ಎಂಡೋಸಲ್ಫಾನಿನಲ್ಲಿ ಆಲ್ಫಾ ಮತ್ತು ಬೀಟಾ ರೂಪಗಳು ಸುಮಾರು 7ಕ್ಕೆ 3ರ ಪ್ರಮಾಣದಲ್ಲಿರುತ್ತವೆ. ಪಯಣದಲ್ಲಿ ಆ ಅನುಪಾತ ಬದಲಾಗುತ್ತದೆ. ಅನುಪಾತ ನೋಡಿ ಇದು ನಿನ್ನೆಯದೋ ಹಳೆಯದೋ ಎನ್ನಬಹುದು. ಗಾಳಿಯ ಹಾದಿಯನ್ನು ಕಂಪ್ಯೂಟರಿನಲ್ಲಿ ಹಿಂದಕ್ಕೆ ಓಡಿಸಿ ಯಾವ ದಿಕ್ಕಿನಿಂದ ಬಂತೆನ್ನಬಹುದು. ಮುಂಬಯಿ ಇದಕ್ಕೆ ಹೇಳಿಮಾಡಿಸಿದ ಜಾಗ. ಜೂನಿನಿಂದ ಸೆಪ್ಟೆಂಬರ್ ತನಕ ಗಾಳಿ ಅರಬ್ಬೀ ಸಮುದ್ರದಿಂದ ಬರುತ್ತದೆ, ಚಳಿಗಾಲದಲ್ಲಿ ದೇಶದ ಒಳನಾಡಿನಿಂದ. ವರ್ಷವಿಡೀ ಅಳೆದರೆ ಊರಿನದೆಷ್ಟು, ಹೊರಗಿನದೆಷ್ಟು ಎಂಬುದು ಋತುಗಳಿಂದಲೇ ಬೇರ್ಪಡುತ್ತದೆ. ಅಲ್ಲೊಂದು ಇಲ್ಲೊಂದು ನಡೆದ ಕೆಲವು ತಿಂಗಳ ಅಧ್ಯಯನಗಳಿಂದ ಅದು ಸಾಧ್ಯವಿಲ್ಲ.

ಪಾದರಸದ ವಿಷಯದಲ್ಲೂ ಕರಾವಳಿಗೂ ಮುಂಬಯಿಗೂ ಒಂದೇ ಎಳೆ. ಕಾಸ್ಟಿಕ್ ಸೋಡ ತಯಾರಿಸುವ ಹಳೆಯ ಕಾರ್ಖಾನೆಗಳು ಉಪ್ಪುನೀರಿಗೆ ವಿದ್ಯುತ್ ಹಾಯಿಸುವಾಗ ಪಾದರಸವನ್ನೇ ಒಂದು ಎಲೆಕ್ಟ್ರೋಡಾಗಿ ಬಳಸುತ್ತಿದ್ದವು. ಒಂದಿಷ್ಟು ಪಾದರಸ ನೀರಿಗೆ ಹೋಗುತ್ತಿತ್ತು, ಒಂದಿಷ್ಟು ಆವಿಯಾಗಿ ಗಾಳಿಗೆ. ಕಾರವಾರದ ಬಿಣಗಾದಲ್ಲಿ ಇಂಥದೊಂದು ಕಾರ್ಖಾನೆಯಿತ್ತು. ಕೃಷ್ಣಕುಮಾರ್ ಮತ್ತು ಪಿಳ್ಳೈ ಎಂಬ ಮೀನುಗಾರಿಕಾ ವಿಜ್ಞಾನಿಗಳು ಅದರ ಬಳಿಯ ಸಮುದ್ರದ ಪಾದರಸದ ಬಗ್ಗೆ 1990ರಲ್ಲಿ ಬರೆದರು. ಥಾಣೆ ಖಾಡಿಯಲ್ಲಿ ಜಿಂಗಡೆ ಮತ್ತು ದೇಸಾಯಿ, ಕಾರವಾರದಲ್ಲಿ ಇವರು: ಎಲ್ಲರ ಕಣ್ಣೂ ನೀರು, ಕೆಸರು, ಜೀವಿಗಳ ಮೇಲಿತ್ತು. ಆವಿಯಾಗಿ ಹೋದದ್ದರ ಲೆಕ್ಕ ಆ ಬರಹಗಳ ವ್ಯಾಪ್ತಿಯಲ್ಲಿ ಇರಲಿಲ್ಲ. ಆ ತಂತ್ರಜ್ಞಾನವನ್ನು ಈಗ ದೇಶ ಕೈಬಿಟ್ಟಿದೆ. ಆದರೆ ಕೆಸರಿನಲ್ಲಿ ಕೂತದ್ದು ಎದ್ದುಹೋಗಿಲ್ಲ.

ಗಾಳಿಯನ್ನು ನೋಡಿದ್ದು ಕೊಡೈಕನಾಲಿನಲ್ಲಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನಿನಿಂದ ಜ್ವರಮಾಪಕದ ಕಾರ್ಖಾನೆಯೊಂದು 1980ರ ದಶಕದ ಆರಂಭದಲ್ಲಿ ಕೊಡೈಕನಾಲ್ ಇರುವ ಪಳನಿ ಬೆಟ್ಟಕ್ಕೆ ಬಂತು. 1998ರಲ್ಲಿ ಅದು ಹಿಂದೂಸ್ತಾನ್ ಲಿವರಿನ ಕೈಸೇರಿತು. ಇಂದು ಹಿಂದೂಸ್ತಾನ್ ಯೂನಿಲಿವರ್ ಎಂಬ ಹೆಸರಿನ ಆ ಕಂಪೆನಿಯ ಪ್ರಧಾನ ಕಚೇರಿ ಪವಾಯಿಗೆ ಸಮೀಪದ ಅಂಧೇರಿ ಪೂರ್ವದಲ್ಲಿದೆ. ಪಾದರಸ ಮೆತ್ತಿದ ಗಾಜಿನ ಚೂರುಗಳು ಗುಜರಿ ಅಂಗಡಿಯಲ್ಲಿ ಬಿದ್ದಿರುವುದನ್ನು ಊರವರು ಮತ್ತು ಪರಿಸರ ಕಾರ್ಯಕರ್ತರು 2001ರ ಮಾರ್ಚಿನಲ್ಲಿ ಬಯಲಿಗೆಳೆದರು. ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ತ್ಯಾಜ್ಯ ಹಡಗೇರಿ ಅಮೆರಿಕಕ್ಕೆ ಹಿಂತಿರುಗಿತು. 591 ಮಾಜಿ ಕಾರ್ಮಿಕರೊಂದಿಗೆ ಕಂಪೆನಿ ಒಪ್ಪಂದಕ್ಕೆ ಬಂದದ್ದು 2016ರಲ್ಲಿ. ಹೈದರಾಬಾದಿನ ಪರಮಾಣು ಇಂಧನ ಇಲಾಖೆಯ ಪ್ರಯೋಗಾಲಯದ ಬಾಲರಾಮ ಕೃಷ್ಣ, ಕರುಣಾಸಾಗರ್, ಅರುಣಾಚಲಂ ಅಲ್ಲಿ ಮಾಡಿದ ಕೆಲಸ ನೆನಪಿಡತಕ್ಕದ್ದು. ಮರದ ಮೇಲಿನ ಕಲ್ಲುಹೂವು ಮತ್ತು ಹಾವಸೆಯನ್ನು ಅವರು ಪರೀಕ್ಷಿಸಿದರು. ಇವಕ್ಕೆ ಬೇರಿಲ್ಲ, ಬೇಕಾದ್ದನ್ನೆಲ್ಲ ಗಾಳಿ, ಮಳೆಯಿಂದಲೇ ಪಡೆಯುತ್ತವೆ. ಆದ್ದರಿಂದ ಅವುಗಳ ಮೈಯಲ್ಲಿ ವರ್ಷಗಳ ಗಾಳಿಯ ದಾಖಲೆ ಉಳಿದಿರುತ್ತದೆ. ಕಾರ್ಖಾನೆಯ ಹತ್ತಿರದವುಗಳಲ್ಲಿ ಪಾದರಸ ಹೇರಳವಾಗಿತ್ತು. ಯಂತ್ರವೇ ಇರದಿದ್ದ ಜಾಗದಲ್ಲೂ ಕಳೆದುಹೋದ ವರ್ಷಗಳ ಗಾಳಿಯನ್ನು ಒಂದಿಷ್ಟು ಓದಬಹುದು ಎಂದು ಆ ಮೂವರು ತೋರಿಸಿಕೊಟ್ಟರು.

ಬಳಿಕ ಯೂರೋಪಿನ ನೆರವಿನಿಂದ 2010ರಿಂದ 2015ರ ತನಕ ನಡೆದ ಜಾಗತಿಕ ಪಾದರಸ ವೀಕ್ಷಣಾ ಜಾಲದಲ್ಲಿ ಭಾರತದ ಕೇಂದ್ರವಾಗಿ ಸೇರಿದ್ದೂ ಇದೇ ಕೊಡೈಕನಾಲ್. ಇಂಥ ಕೇಂದ್ರಗಳ ಯಂತ್ರದೊಳಗೆ ಇರುವುದು ಚಿನ್ನ. ಗಾಳಿಯನ್ನು ಚಿನ್ನದ ಮೇಲೆ ಹಾಯಿಸಿದಾಗ ಪಾದರಸ ಅದಕ್ಕೆ ಅಂಟುತ್ತದೆ. ಆಮೇಲೆ ಚಿನ್ನವನ್ನು ಕಾಯಿಸಿ, ಬಿಡುಗಡೆಯಾದ ಪಾದರಸದ ಮೇಲೆ 253.7 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಬೆಳಕು ಬಿಟ್ಟು, ಅದು ಮರಳಿ ಸೂಸುವ ಬೆಳಕನ್ನು ಅಳೆಯುತ್ತಾರೆ. ಪಾದರಸಕ್ಕೆ ಏಳು ಸ್ಥಿರ ಐಸೋಟೋಪುಗಳಿವೆ. ಕಲ್ಲಿದ್ದಲಿನಿಂದ ಬಂದದ್ದು, ಸಾಗರದಿಂದ ಎದ್ದದ್ದು, ಬೇರೆ ಮೂಲದ್ದು ಎಂದು ಅವುಗಳ ಪ್ರಮಾಣದ ಸೂಕ್ಷ್ಮ ವ್ಯತ್ಯಾಸದಿಂದ ಬೇರ್ಪಡಿಸುವ ವಿದ್ಯೆಯೂ ಬೆಳೆದಿದೆ. 2015ರಲ್ಲಿ ಮಾನವ ಚಟುವಟಿಕೆಯಿಂದ ಜಗತ್ತಿನ ಗಾಳಿ ಸೇರಿದ ಪಾದರಸ ಸುಮಾರು 2,220 ಟನ್ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಅಂದಾಜಿಸಿದೆ. ಅದರ ಅರ್ಧದಷ್ಟು ಏಷ್ಯಾದಿಂದ. ಸಣ್ಣ ಚಿನ್ನದ ಗಣಿಗಳದ್ದು ದೊಡ್ಡ ಪಾಲು, ನಂತರ ಕಲ್ಲಿದ್ದಲು. ಪಾದರಸವನ್ನು ಹತೋಟಿಗೆ ತರುವ ಮಿನಮಾಟ ಒಪ್ಪಂದ 2017ರ ಆಗಸ್ಟ್ 16ರಂದು ಜಾರಿಗೆ ಬಂತು. ಭಾರತ 2018ರ ಜೂನಿನಲ್ಲಿ ಅನುಮೋದಿಸಿತು. ಕಲ್ಲಿದ್ದಲು ಸ್ಥಾವರದ ಚಿಮಣಿಯಿಂದ ಹೊರಡುವ ಪಾದರಸಕ್ಕೆ ದೇಶ 2015ರಲ್ಲೇ ಮಿತಿ ಹಾಕಿದೆ. ಆ ಮಿತಿಯಿಂದ ಊರಿನ ಗಾಳಿಗೆ ಎಷ್ಟು ಪ್ರಯೋಜನವಾಯಿತೆಂದು ತಿಳಿಯಬೇಕಾದರೆ ಊರಿನ ಗಾಳಿಯನ್ನೇ ಅಳೆಯಬೇಕು.

ಪವಾಯಿಯ ಸುತ್ತ ಅಳೆಯಬೇಕಾದ್ದು ಬಹಳವಿದೆ. 2016ರ ಜನವರಿ ಕೊನೆಯಲ್ಲಿ ದೇವನಾರಿನ ಕಸದ ಗುಡ್ಡ ಹೊತ್ತಿಕೊಂಡು ಶಾಲೆಗಳನ್ನು ಮುಚ್ಚಬೇಕಾಯಿತು. ಆ ಹೊಗೆಯ ದೂಳಿನ ಅಂಕಿ ಎಲ್ಲರ ಬಾಯಲ್ಲೂ ಇತ್ತು. ಪ್ಲಾಸ್ಟಿಕ್ ಬೆರೆತ ಕಸ ಕಡಿಮೆ ಉರಿಯಲ್ಲಿ ಸುಟ್ಟಾಗ ಡಯಾಕ್ಸಿನ್ ಹುಟ್ಟುತ್ತದೆ. ಅದರ ಚರ್ಚೆ ಅಷ್ಟಾಗಿ ಆಗಲಿಲ್ಲ. ಕಾಂಜೂರ್‌ಮಾರ್ಗಿನ ಕಸದ ನೆಲೆ ಪವಾಯಿಗೆ ಇನ್ನೂ ಹತ್ತಿರ. ಸಾಕಿನಾಕಾ, ಕುರ್ಲಾಗಳಲ್ಲಿ ಹಳೆಯ ವಿದ್ಯುತ್ ಸಾಮಾನು ಒಡೆಯುವ ಗುಜರಿಗಳಿವೆ. ರಾಯಗಡ ಜಿಲ್ಲೆಯ ರಸಾಯನಿಯಲ್ಲಿ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಬಹುಕಾಲ ಡಿಡಿಟಿ ತಯಾರಿಸಿತು. ಮತ್ತು ಇದೇ ಪವಾಯಿಯಲ್ಲಿ, ಐಐಟಿಯ ಆವರಣದಲ್ಲಿ, ಪರಿಸರ ವಿಜ್ಞಾನದ ವಿಭಾಗವಿದೆ. ಹೊರಗಿನವರ ಮಾದರಿಗಳನ್ನೂ ಶುಲ್ಕ ಪಡೆದು ಪರೀಕ್ಷಿಸುವ ಸುಧಾರಿತ ವಿಶ್ಲೇಷಣಾ ಉಪಕರಣಗಳ ಕೇಂದ್ರವಿದೆ. ಕೊರತೆ ಇರುವುದು ಬೋಗುಣಿಗಳನ್ನು ತೂಗುಹಾಕಿ, ಮೂರು ಮೂರು ತಿಂಗಳಿಗೆ ಬಿಲ್ಲೆ ಬದಲಿಸಿ, ಹತ್ತಾರು ವರ್ಷ ಬಿಡದೆ ನಡೆಸುವ ವ್ಯವಸ್ಥೆಯದು. ಪವಾಯಿಯಲ್ಲಿ ಒಂದು, ರಸಾಯನಿಯಲ್ಲಿ ಒಂದು, ಕಾರವಾರದಲ್ಲಿ, ಕೊಕ್ಕಡದಲ್ಲಿ, ಪಡ್ರೆಯಲ್ಲಿ ಒಂದೊಂದು: ಒಂದು ಕರಾವಳಿಗೆ ಇಷ್ಟು ಸಾಕು. ಪಡ್ರೆಯಲ್ಲಿ ಬಿಲ್ಲೆ ಬದಲಿಸಲು ಪರದೇಶದ ತಂತ್ರಜ್ಞರು ಬೇಡ. ಅಲ್ಲಿನ ಹೈಸ್ಕೂಲಿನ ಮೇಷ್ಟ್ರು, ಮಕ್ಕಳು ಮಾಡಬಲ್ಲ ಕೆಲಸ ಅದು.

ಕಾಯಲು ಸಮಯವೂ ಇಲ್ಲ. 2025ರಲ್ಲಿ ಜಿನೀವಾದಲ್ಲಿ ನಡೆದ ಸ್ಟಾಕ್‌ಹೋಮ್ ಒಪ್ಪಂದದ ಸಭೆ, ಕೆಲವು ಬಳಕೆಗಳಿಗೆ ವಿನಾಯಿತಿ ಇಟ್ಟು, ಕ್ಲೋರ್‌ಪೈರಿಫಾಸ್ ಅನ್ನು ಪಟ್ಟಿಗೆ ಸೇರಿಸಿತು. ಧ್ರುವದ ಗಾಳಿ, ಹಿಮಗಳಲ್ಲಿ ಅದು ಸಿಕ್ಕಿತ್ತು ಎಂಬುದು ಈ ಬಾರಿಯೂ ಮುಖ್ಯ ಆಧಾರಗಳಲ್ಲಿ ಒಂದಾಗಿತ್ತು. ಕರ್ನಾಟಕದಲ್ಲಿ ಆ ಹೆಸರು ತಿಳಿಯದ ರೈತರು ವಿರಳ. ಗೆದ್ದಲಿಗೆ ಅದನ್ನು ಹಾಕುತ್ತಾರೆ, ಅಡಿಕೆಯ ಬೇರುಹುಳಕ್ಕೆ ಬುಡಕ್ಕೆ ಸುರಿಯುತ್ತಾರೆ. ಮಲೆನಾಡಿನ, ಕರಾವಳಿಯ ತೋಟಗಳ ನಡುವೆಯೇ ಮನೆಗಳಿವೆ, ಬಾವಿಗಳಿವೆ, ಶಾಲೆಗಳಿವೆ. ಅಲ್ಲಿನ ಗಾಳಿಯಲ್ಲಿ ಅದು ಈ ವರ್ಷ ಎಷ್ಟಿದೆ, ಬಳಕೆ ನಿಂತ ಮೇಲೆ ಎಷ್ಟು ವರ್ಷದಲ್ಲಿ ಎಷ್ಟಕ್ಕೆ ಇಳಿಯುತ್ತದೆ ಎಂದು ಬರೆದಿಡಲು ಮೊದಲ ಬೋಗುಣಿ ಬರುವ ಮಳೆಗಾಲಕ್ಕೆ ಮುನ್ನ ಅಡಿಕೆ ತೋಟದ ಅಂಚಿನ ಯಾವುದಾದರೂ ಶಾಲೆಯ ಮಾಡಿಗೆ ಏರಬೇಕು.